ಕಂಪನಿಗೆ ಬಾಯಿ ಇದೆ, ಮನಸ್ಸು ಇಲ್ಲವೇ?

ರೈತನೊಬ್ಬ ಸಾಲದ ಕಾಗದಕ್ಕೆ ರುಜು ಹಾಕುತ್ತಾನೆ. ಓದು ಬಾರದಿದ್ದರೆ ಹೆಬ್ಬೆಟ್ಟು ಒತ್ತುತ್ತಾನೆ. ಆ ಕಾಗದದಲ್ಲಿ ಏನು ಬರೆದಿತ್ತು, ಅದು ಅವನಿಗೆ ತಿಳಿದಿತ್ತೇ, ಬಡ್ಡಿಯ ಮೇಲೆ ಬಡ್ಡಿ ಬೀಳುವುದು ಗೊತ್ತಿತ್ತೇ ಅಂತ ಆಮೇಲೆ ಯಾರೂ ಕೇಳುವುದಿಲ್ಲ. ಓದಿ ಹೇಳಲಾಗಿದೆ, ತಿಳಿದು ಒಪ್ಪಿದ್ದಾನೆ ಅಂತ ಕೆಳಗೆ ಒಂದು ಸಾಲು ಅಚ್ಚಾಗಿರುತ್ತದೆ. ಅಲ್ಲಿಗೆ ಮುಗೀತು. ಮಳೆ ಕೈಕೊಟ್ಟರೂ, ಬೆಲೆ ಬಿದ್ದರೂ, ಆ ಕೈ ಅವನದೇ, ಆ ಬುದ್ಧಿ ಅವನದೇ, ಆ ಸಾಲವೂ ಅವನದೇ. ಅವನ ಮನಸ್ಸನ್ನು ಹುಡುಕಲು ಯಾವ ಕೋರ್ಟೂ ಕಷ್ಟಪಡಬೇಕಾಗಿಲ್ಲ.

ಈಗ ಇನ್ನೊಂದು ಕಡೆ ನೋಡಿ. ಮುಂಗಾರಿಗೆ ಬಿತ್ತಿದ ಬೀಜ ಮೊಳೆಯಲಿಲ್ಲ. ಅಂಗಡಿಯವನನ್ನು ಕೇಳಿದರೆ, "ಸೀಲು ಒಡೆಯದ ಚೀಲ ಕೊಟ್ಟೆ ಕಣಣ್ಣ, ಒಳಗೆ ಏನಿತ್ತು ಅಂತ ನನಗೇನು ಗೊತ್ತು" ಅಂತಾನೆ. ಡಿಸ್ಟ್ರಿಬ್ಯೂಟರನ್ನು ಕೇಳಿದರೆ ಲಾರಿಯಿಂದ ಇಳಿಸಿ ಕಳಿಸಿದ್ದಷ್ಟೇ ತನ್ನ ಕೆಲಸ ಅಂತಾನೆ. ಎಕರೆಗೆ ಇಷ್ಟು ಕ್ವಿಂಟಾಲ್ ಅಂತ ಊರ ಕಟ್ಟೆಯ ಮೇಲೆ ಕೂತು ಹೇಳಿ ಹೋದ ಕಂಪನಿಯ ಹುಡುಗ ಆ ಕೆಲಸ ಬಿಟ್ಟು ಮೂರು ತಿಂಗಳಾಗಿರುತ್ತದೆ. ಸಂಸ್ಕರಣಾ ಘಟಕದ ಮ್ಯಾನೇಜರು ಮೇಲಿನಿಂದ ಬಂದ ಆರ್ಡರ್ ಅಂತಾನೆ. ಮೇಲಿನವರು ಯಾವ ಲಾಟು ಯಾವ ತಾಲ್ಲೂಕಿಗೆ ಹೋಯಿತು ಅನ್ನೋದು ನಮ್ಮ ಮಟ್ಟಕ್ಕೆ ಬರುವುದಿಲ್ಲ ಅಂತಾರೆ. ಪ್ರತಿಯೊಬ್ಬನೂ ಒಂದೊಂದು ತುಂಡು ಕೆಲಸ ಮಾಡಿದ್ದಾನೆ, ಯಾರಿಗೂ ಏನೂ ಗೊತ್ತಿಲ್ಲ. ದುಡ್ಡು ಮಾತ್ರ ಪೂರ್ತಿಯಾಗಿ, ಒಂದು ಪೈಸೆ ಕಡಿಮೆಯಾಗದೆ, ಕಂಪನಿಯ ಖಾತೆಗೆ ಸೇರಿದೆ.

ಮಾಡಿದ್ದು ಕಂಪನಿಯೇ ಹೌದು. ಆದರೆ ಕಂಪನಿ ಅಂದರೆ ಯಾರು? ಅದಕ್ಕೆ ಗೊತ್ತಿತ್ತು ಅಂತ ಹೇಳುವುದು ಹೇಗೆ? ಮೋಸದ ಉದ್ದೇಶ ಇತ್ತು ಅಂತ ಸಾಬೀತು ಮಾಡುವುದು ಯಾರ ತಲೆಯೊಳಗೆ ಇಣುಕಿ? ವಕೀಲರ ಜಗಳ ಅಂತ ರೈತರು ಇಷ್ಟು ದಿನ ಬಿಟ್ಟಿದ್ದ ಈ ಪ್ರಶ್ನೆ ನಮ್ಮ ಹೊಲದ ಬದುವಿನವರೆಗೂ ಬಂದಿದೆ. ಆದ್ದರಿಂದ ಈ ಸಂಚಿಕೆಯಲ್ಲಿ ಇದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ.

ಚಪ್ಪಲಿ ವ್ಯಾಪಾರಿಯ ಕಥೆ

ಲಂಡನ್ನಿನಲ್ಲಿ ಸಾಲೊಮನ್ ಅಂತ ಒಬ್ಬ ಬೂಟು ತಯಾರಿಸುವ ವ್ಯಾಪಾರಿ ಇದ್ದ. ಕಂಪನಿಗೆ ಏಳು ಜನ ಸದಸ್ಯರಿರಬೇಕು ಅಂತ ಆಗಿನ ಕಾನೂನು. ಅವನು, ಹೆಂಡತಿ, ಐದು ಜನ ಮಕ್ಕಳು ಸೇರಿ ಏಳಾಯಿತು. ತನ್ನ ವ್ಯಾಪಾರವನ್ನು ಆ ಕಂಪನಿಗೇ ಮಾರಿದ. ಅದಕ್ಕೆ ಪ್ರತಿಯಾಗಿ 20,000 ಷೇರು ಮತ್ತು 10,000 ಪೌಂಡಿನ ಸಾಲಪತ್ರವನ್ನು ಕಂಪನಿಯಿಂದ ಬರೆಸಿಕೊಂಡ. ಅಂದರೆ ತನ್ನ ಕಂಪನಿಗೆ ತಾನೇ ಸಾಲಗಾರರ ಸಾಲಿನಲ್ಲಿ ಮೊದಲು ನಿಂತ. ವ್ಯಾಪಾರ ಮುಳುಗಿತು. ಸರಕು ಕೊಟ್ಟ ಬಡಪಾಯಿಗಳಿಗೆ ಏನೂ ಉಳಿಯಲಿಲ್ಲ. ಕಂಪನಿ ಅಂದರೆ ಇವನೇ ತಾನೇ, ಇವನೇ ಕೊಡಲಿ ಅಂತ ಮೊಕದ್ದಮೆ ನಡೆಯಿತು. ಕೆಳಗಿನ ಕೋರ್ಟುಗಳು ಹೌದು ಅಂದವು. 1896ರ ನವೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಇಲ್ಲ ಅಂದಿತು. ಕಂಪನಿ ಬೇರೆ, ಸಾಲೊಮನ್ ಬೇರೆ. ಕಾನೂನಿನ ಕಣ್ಣಿಗೆ ಕಂಪನಿಯೂ ಒಬ್ಬ ವ್ಯಕ್ತಿ, ಅದರ ಸಾಲ ಅದರದ್ದು, ಇವನ ಮನೆ ಇವನದು.

ನಮ್ಮ ದೇಶದ ಕಂಪನಿ ಕಾನೂನೂ ಈ ತೀರ್ಪಿನ ತಳಪಾಯದ ಮೇಲೇ ನಿಂತಿದೆ. ಕಬ್ಬಿನ ಬಾಕಿಯನ್ನೇ ತೆಗೆದುಕೊಳ್ಳಿ. 1966ರ ಕಬ್ಬು ನಿಯಂತ್ರಣ ಆದೇಶ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಬೇಕು, ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು ಅಂತ ಬರೆಯಿತು. ಆದರೆ ಆ ಸಾಲ ಕಾರ್ಖಾನೆಯ ಕಂಪನಿಯ ಖಾತೆಯಲ್ಲಿರುತ್ತದೆ. ಹಣ ಬೇರೆ ಕಡೆ ತಿರುಗಿಸಿ ಅಂತ ತೀರ್ಮಾನ ಮಾಡಿದ ಯಜಮಾನರ ಖಾತೆಯಲ್ಲಲ್ಲ. ರೈತನಿಗೋ, ಅಡವಿಟ್ಟ ಜಮೀನಿನ ಜೊತೆಗೆ ಜಾಮೀನು ಹಾಕಿದ ಅಣ್ಣತಮ್ಮಂದಿರ ಹೆಸರೂ ನೋಟೀಸಿನಲ್ಲಿ ಬರುತ್ತದೆ.

ಹಾಗಾದರೆ ಕಂಪನಿ ಒಬ್ಬ ವ್ಯಕ್ತಿ ಅಂದ ಮೇಲೆ ಅದಕ್ಕೆ ಕೈಯೂ ಬೇಕು, ಮನಸ್ಸೂ ಬೇಕು. ಕೈ ಇಲ್ಲದೆ ರುಜು ಹಾಕುವುದು ಹೇಗೆ? ಮನಸ್ಸಿಲ್ಲದೆ ಮೋಸ ಮಾಡುವುದು ಹೇಗೆ? ಕಾನೂನು ಇದಕ್ಕೆ ಕಂಡುಕೊಂಡ ದಾರಿ ಸರಳ. ಯಾರೋ ಒಬ್ಬ ಮನುಷ್ಯ ಮಾಡಿದ್ದನ್ನು ಕಂಪನಿಯ ಖಾತೆಗೆ ಬರೆಯುವುದು. ಅವನು ಸಹಿ ಹಾಕಿದರೆ ಕಂಪನಿ ಸಹಿ ಹಾಕಿದಂತೆ, ಅವನಿಗೆ ಗೊತ್ತಿದ್ದರೆ ಕಂಪನಿಗೆ ಗೊತ್ತಿದ್ದಂತೆ. ಎಲ್ಲಾ ತಕರಾರೂ ಇರುವುದು ಯಾರು ಮಾಡಿದ್ದನ್ನು ಬರೆಯಬೇಕು, ಯಾರದ್ದನ್ನು ಬಿಡಬೇಕು ಅನ್ನುವುದರಲ್ಲಿ. ಹಳ್ಳಿಯ ಶಾನುಭೋಗರ ಲೆಕ್ಕ ಕಂಡ ನಮಗೆ ಈ ಮರ್ಮ ಬೇಗ ಅರ್ಥವಾಗುತ್ತದೆ. ಯಾರ ಕೈಯಲ್ಲಿ ಲೇಖನಿ ಇದೆಯೋ ಅವರ ಇಷ್ಟದಂತೆ ಖಾತೆ.

ದೊಡ್ಡ ಅಂಗಡಿಗೆ ಒಂದು ನ್ಯಾಯ

1915ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮುಂದೆ ಒಂದು ಹಡಗಿನ ಮೊಕದ್ದಮೆ ಬಂತು. ಬಾಯ್ಲರ್ ಕೆಟ್ಟ ಹಡಗನ್ನು ಸಮುದ್ರಕ್ಕೆ ಬಿಟ್ಟಿದ್ದರು, ಸರಕು ಹಾಳಾಯಿತು. ಮಾಲೀಕನ ಸ್ವಂತ ತಪ್ಪಿಲ್ಲದಿದ್ದರೆ ಹೊಣೆಯಿಲ್ಲ ಅಂತ ಅಲ್ಲಿನ ಹಡಗು ಕಾನೂನು ಹೇಳುತ್ತಿತ್ತು. ಮಾಲೀಕ ಒಂದು ಕಂಪನಿ. ಕಂಪನಿಗೆ ಸ್ವಂತ ತಪ್ಪು ಅಂದರೆ ಏನು? ಲಾರ್ಡ್ ಹಾಲ್ಡೇನ್ ಅದಕ್ಕೆ ಒಂದು ಉತ್ತರ ಕೊಟ್ಟರು. ಕಂಪನಿಗೆ ಮೈಯೂ ಇಲ್ಲ, ಮನಸ್ಸೂ ಇಲ್ಲ. ಅದನ್ನು ನಡೆಸುವ ಮನಸ್ಸು ಮತ್ತು ಇಚ್ಛೆ ಯಾವ ಮನುಷ್ಯನಲ್ಲಿದೆಯೋ ಅವನ ತಪ್ಪೇ ಕಂಪನಿಯ ಸ್ವಂತ ತಪ್ಪು ಅಂತ. ಆ ಮೊಕದ್ದಮೆಯಲ್ಲಿ ಹಡಗಿನ ವ್ಯವಹಾರವನ್ನೆಲ್ಲ ನಡೆಸುತ್ತಿದ್ದ ಡೈರೆಕ್ಟರನೊಬ್ಬ ಕಣ್ಣೆದುರೇ ಇದ್ದ. ಆದ್ದರಿಂದ ಕಂಪನಿ ಸಿಕ್ಕಿಬಿತ್ತು. ಕೇಳಲು ನ್ಯಾಯವಾಗಿಯೇ ಇದೆ.

ಆದರೆ ಇದೇ ಮಾತು ಮುಂದೆ ದೊಡ್ಡವರಿಗೆ ಬೇಲಿಯಾಯಿತು. ಬೆಲೆಯ ವಿಷಯ ಬರೆಯುವ ನಮಗೆ ತುಂಬಾ ಹತ್ತಿರದ ಮೊಕದ್ದಮೆ ಅದು, ಬಟ್ಟೆ ಒಗೆಯುವ ಪುಡಿಯದು. ಇಂಗ್ಲೆಂಡಿನ ಟೆಸ್ಕೊ ಕಂಪನಿಗೆ ನೂರಾರು ಅಂಗಡಿಗಳಿದ್ದವು. ಒಂದು ಅಂಗಡಿಯ ಕಿಟಕಿಯಲ್ಲಿ 2 ಷಿಲ್ಲಿಂಗ್ 11 ಪೆನ್ನಿ ಅಂತ ರಿಯಾಯಿತಿ ಬೆಲೆಯ ಚೀಟಿ ಅಂಟಿಸಿದ್ದರು. ರಿಯಾಯಿತಿ ಡಬ್ಬಿಗಳು ಮುಗಿದಿದ್ದವು; ಕೆಲಸದ ಹುಡುಗಿ ಮಾಮೂಲಿ ಬೆಲೆಯ ಡಬ್ಬಿ ಜೋಡಿಸಿದ್ದಳು. ಅಂಗಡಿಯ ಮ್ಯಾನೇಜರು ಅದನ್ನು ನೋಡಿ ಸರಿಮಾಡಲಿಲ್ಲ. ಒಬ್ಬ ಮುದುಕ ಬಂದ, ಚೀಟಿ ನೋಡಿ ಡಬ್ಬಿ ತೆಗೆದುಕೊಂಡ, ಗಲ್ಲಾದಲ್ಲಿ ಅವನಿಂದ 3 ಷಿಲ್ಲಿಂಗ್ 11 ಪೆನ್ನಿ ಕಿತ್ತುಕೊಂಡರು. ಸುಳ್ಳು ಬೆಲೆ ಹಾಕಿದ ಅಪರಾಧಕ್ಕೆ ಕಂಪನಿಯ ಮೇಲೆ ಮೊಕದ್ದಮೆ ಬಂತು. ತನ್ನ ಕೈಲಾದ ಎಚ್ಚರಿಕೆ ವಹಿಸಿದ್ದು, ತಪ್ಪು ಬೇರೊಬ್ಬನಿಂದ ಆಗಿದ್ದರೆ ಬಿಡುಗಡೆ ಅಂತ ಆ ಕಾಯ್ದೆಯಲ್ಲಿತ್ತು. ಕಂಪನಿ ಆ ಬೇರೊಬ್ಬ ಅಂತ ಬೊಟ್ಟು ಮಾಡಿದ್ದು ಯಾರನ್ನು? ತನ್ನದೇ ಅಂಗಡಿಯ ಮ್ಯಾನೇಜರನ್ನು! 1971ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ಒಪ್ಪಿತು. ಅಂಗಡಿಯ ಮ್ಯಾನೇಜರು ಕಂಪನಿಯ ಕೈ, ಮಿದುಳಲ್ಲ, ಮಿದುಳು ಇರುವುದು ಮೇಲಿನ ಕಚೇರಿಯಲ್ಲಿ, ಅಲ್ಲಿ ಎಚ್ಚರಿಕೆಯ ಪದ್ಧತಿ ಇತ್ತು, ಕಂಪನಿ ನಿರಪರಾಧಿ.

ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತು ಅಂತ ನಮ್ಮಲ್ಲಿ ಗಾದೆ ಇದೆ. ಇಲ್ಲಿ ಕೋರ್ಟೇ ನಿಂತು ಒರೆಸಲು ಬಟ್ಟೆ ಕೊಟ್ಟಂತಾಯಿತು. ಇದರ ಪರಿಣಾಮ ಏನು ನೋಡಿ. ಊರಿನ ಒಂದೇ ಅಂಗಡಿಯ ಶೆಟ್ಟರು ತಾವೇ ಗಲ್ಲಾದಲ್ಲಿ ಕೂರುತ್ತಾರೆ, ತಾವೇ ಬೆಲೆ ಹಾಕುತ್ತಾರೆ. ಅವರ ಕೈ ಮಿದುಳು ಎರಡೂ ಒಂದೇ ಕಡೆ ಇರುವುದರಿಂದ ತಪ್ಪು ಮಾಡಿದರೆ ಅವರೇ ಸಿಕ್ಕಿಬೀಳುತ್ತಾರೆ. ನೂರಾರು ಅಂಗಡಿ ಇದ್ದವನ ಮಿದುಳು ಎಲ್ಲೋ ದೂರದ ಕಚೇರಿಯಲ್ಲಿರುತ್ತದೆ, ಕೈ ಮಾತ್ರ ನಮ್ಮೂರಿನಲ್ಲಿರುತ್ತದೆ. ಕೈ ತಪ್ಪು ಮಾಡಿದರೆ ಮಿದುಳಿಗೆ ಸಂಬಂಧವಿಲ್ಲ. ಅಂದರೆ ಕಂಪನಿ ದೊಡ್ಡದಾದಷ್ಟೂ ಅದರ ಮನಸ್ಸು ಸಿಗುವುದು ಕಷ್ಟ. ದೊಡ್ಡದಾಗುವುದೇ ಒಂದು ಜಾಮೀನು.

ಇದರ ಕೆಟ್ಟ ಫಲ 1987ರ ಮಾರ್ಚ್ 6ರಂದು ಕಂಡಿತು. ಬೆಲ್ಜಿಯಮ್ಮಿನ ಜೀಬ್ರೂಗೆ ಬಂದರಿನಿಂದ ಹೊರಟ ಇಂಗ್ಲಿಷ್ ಹಡಗೊಂದು ಮುಂಬಾಗಿಲು ಮುಚ್ಚದೆಯೇ ಸಮುದ್ರಕ್ಕೆ ಹೋಗಿ ಮಗುಚಿತು. 193 ಜನ ಸತ್ತರು. ಬಾಗಿಲು ಮುಚ್ಚಬೇಕಾದ ಕೆಲಸಗಾರ ನಿದ್ದೆ ಹೋಗಿದ್ದ. ಆದರೆ ಬಾಗಿಲು ಮುಚ್ಚಿದೆಯೋ ಇಲ್ಲವೋ ತಿಳಿಯಲು ಮೇಲೆ ಒಂದು ದೀಪ ಹಾಕಿಸಿ ಅಂತ ಕ್ಯಾಪ್ಟನ್ನರು ಮೊದಲೇ ಕೇಳಿದ್ದರು. ಕಂಪನಿಯವರು ಅದನ್ನು ತಳ್ಳಿಹಾಕಿದ್ದರು. ಮೇಲಿನಿಂದ ಕೆಳಗಿನವರೆಗೂ ಉಡಾಫೆ ತುಂಬಿತ್ತು ಅಂತ ವಿಚಾರಣಾ ವರದಿಯೇ ಹೇಳಿತು. ಆದರೂ 1990ರಲ್ಲಿ ಕಂಪನಿಯ ಮೇಲಿನ ನರಹತ್ಯೆಯ ಮೊಕದ್ದಮೆ ಬಿದ್ದುಹೋಯಿತು. ಯಾಕೆ? ಸಾಕಷ್ಟು ತಪ್ಪು ಮಾಡಿದ ಒಬ್ಬ ಡೈರೆಕ್ಟರನ ತಲೆ ಸಿಗಲಿಲ್ಲ. ಹತ್ತು ತಲೆಗಳಲ್ಲಿ ಹಂಚಿಹೋದ ತಪ್ಪನ್ನು ಒಂದು ಕಡೆ ಕೂಡಿಸಲು ಕಾನೂನು ಒಪ್ಪಲಿಲ್ಲ.

ಬೇರೆ ದಾರಿಗಳೂ ಇವೆ

ಇದು ಹೀಗೇ ಇರಬೇಕು ಅಂತ ಬ್ರಹ್ಮ ಬರೆದದ್ದೇನಲ್ಲ. ಅಮೆರಿಕದಲ್ಲಿ 1909ರಲ್ಲೇ ಬೇರೆ ದಾರಿ ಹಿಡಿದರು. ಅದೂ ಸಕ್ಕರೆಯ ವಿಷಯ. ನ್ಯೂಯಾರ್ಕಿನಿಂದ ಡೆಟ್ರಾಯಿಟಿಗೆ ಸಕ್ಕರೆ ಸಾಗಿಸಲು ಒಂದು ರೈಲ್ವೆ ಕಂಪನಿಯ ಸಾಗಣೆ ಮ್ಯಾನೇಜರುಗಳು ದೊಡ್ಡ ಸಕ್ಕರೆ ವ್ಯಾಪಾರಿಗಳಿಗೆ ಗುಟ್ಟಾಗಿ ಬಾಡಿಗೆ ವಾಪಸು ಕೊಡುತ್ತಿದ್ದರು. ಎಲ್ಲರಿಗೂ ಒಂದೇ ದರ ಅಂತ ಕಾನೂನಿತ್ತು. ಮ್ಯಾನೇಜರು ಮಾಡಿದ್ದಕ್ಕೆ ನಾವು ಹೊಣೆಯಲ್ಲ ಅಂತ ಕಂಪನಿ ವಾದಿಸಿತು. ಅಲ್ಲಿನ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕಂಪನಿಯ ಕೆಲಸದ ಮೇಲಿದ್ದು, ಕಂಪನಿಯ ಲಾಭಕ್ಕಾಗಿ ಮಾಡಿದ್ದರೆ ಅವನ ಉದ್ದೇಶವೇ ಕಂಪನಿಯ ಉದ್ದೇಶ ಅಂದಿತು. ಇದೇ ದಾರಿಯಲ್ಲಿ ಮುಂದೆ 1996ರಲ್ಲಿ ಎ.ಡಿ.ಎಂ. ಅನ್ನುವ ದೈತ್ಯ ಧಾನ್ಯ ಕಂಪನಿ ಜಾನುವಾರು ಮೇವಿಗೆ ಹಾಕುವ ಲೈಸಿನ್ ಮತ್ತು ಸಿಟ್ರಿಕ್ ಆಮ್ಲದ ಬೆಲೆಯನ್ನು ಪ್ರತಿಸ್ಪರ್ಧಿಗಳ ಜೊತೆ ಸೇರಿ ಗೊತ್ತುಮಾಡಿದ್ದಕ್ಕೆ ತಪ್ಪೊಪ್ಪಿಕೊಂಡು 10 ಕೋಟಿ ಡಾಲರ್ ದಂಡ ಕಟ್ಟಿತು. ಹೋಟೆಲು ಕೋಣೆಗಳಲ್ಲಿ ಕೂತು ಬೆಲೆ ಕಟ್ಟಿದ ಮೂವರು ಅಧಿಕಾರಿಗಳೂ 1998ರಲ್ಲಿ ಅಪರಾಧಿಗಳಾದರು. ಕಂಪನಿಯೂ ಸಿಕ್ಕಿತು, ಮನುಷ್ಯರೂ ಸಿಕ್ಕರು. ಒಬ್ಬರ ಹಿಂದೆ ಒಬ್ಬರು ಅಡಗಲಿಲ್ಲ.

1995ರಲ್ಲಿ ನ್ಯೂಜಿಲೆಂಡಿನ ಮೊಕದ್ದಮೆಯೊಂದರಲ್ಲಿ ಲಾರ್ಡ್ ಹಾಫ್‌ಮನ್ ಅವರು ಹಳೆಯ ಗಂಟನ್ನು ಬಿಡಿಸಿದರು. ಕಂಪನಿಯೊಂದರ ಹಣ ಹೂಡುವ ಮ್ಯಾನೇಜರು ಷೇರು ಕೊಂಡಿದ್ದನ್ನು ಕಾನೂನಿನಂತೆ ತಿಳಿಸಿರಲಿಲ್ಲ. ಆಡಳಿತ ಮಂಡಳಿಗೆ ಗೊತ್ತೇ ಇರಲಿಲ್ಲ ಅಂತ ಕಂಪನಿ ಹೇಳಿತು. ಎಲ್ಲ ಕಾಯ್ದೆಗೂ ಒಂದೇ ಮಿದುಳನ್ನು ಹುಡುಕಬೇಡಿ ಅಂದರು ಅವರು. ಈ ಕಾಯ್ದೆಯ ಉದ್ದೇಶ ಏನು, ಅದು ಈಡೇರಬೇಕಾದರೆ ಯಾರಿಗೆ ಗೊತ್ತಿದ್ದನ್ನು ಕಂಪನಿಗೆ ಗೊತ್ತಿದ್ದಂತೆ ಎಣಿಸಬೇಕು ಅಂತ ಕೇಳಿ. ಷೇರು ಕೊಳ್ಳುವ ಅಧಿಕಾರ ಯಾರಿಗಿತ್ತೋ ಅವನಿಗೆ ಗೊತ್ತಿದ್ದರೆ ಸಾಕು. ಈ ಮಾತನ್ನು ನಮ್ಮ ಹೊಲಕ್ಕೆ ತಂದು ನೋಡಿ. ಬೀಜದ ಲಾಟನ್ನು ಪಾಸು ಮಾಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವನಿಗೆ ಮೊಳಕೆ ಬಾರದ್ದು ಗೊತ್ತಿದ್ದರೆ ಕಂಪನಿಗೆ ಗೊತ್ತಿದ್ದಂತೆಯೇ. ಇದರಲ್ಲಿ ಎಳ್ಳಷ್ಟೂ ಅನ್ಯಾಯವಿಲ್ಲ.

ಇಂಗ್ಲೆಂಡೂ ಕೊನೆಗೆ ಪಾಠ ಕಲಿಯಿತು. 2007ರಲ್ಲಿ ಕಂಪನಿ ನರಹತ್ಯೆಗೆ ಬೇರೆ ಕಾಯ್ದೆ ಮಾಡಿತು. 2023ರ ಕಾಯ್ದೆಯೊಂದರಲ್ಲಿ ಆರ್ಥಿಕ ಅಪರಾಧಗಳಿಗೆ ಹಿರಿಯ ಮ್ಯಾನೇಜರ್ ಮಾಡಿದರೂ ಕಂಪನಿ ಮಾಡಿದಂತೆ ಅಂತ ಬರೆಯಿತು. ಡೈರೆಕ್ಟರನೇ ಆಗಬೇಕಿಲ್ಲ. ಆಸ್ಟ್ರೇಲಿಯಾದ 1995ರ ಅಪರಾಧ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಂಪನಿಯೊಳಗಿನ ನಡವಳಿಕೆಯೇ ತಪ್ಪಿಗೆ ಕುಮ್ಮಕ್ಕು ಕೊಡುವಂತಿದ್ದರೆ ಅದೇ ಕಂಪನಿಯ ಮನಸ್ಸು ಅಂತ ಹೇಳಿತು.

ನಮ್ಮಲ್ಲಿ ಏನಾಯಿತು?

ನಮ್ಮ ದೇಶದಲ್ಲಿ ಈ ಮಾತು ಬಂದರೆ ಮೊದಲು ನೆನಪಾಗುವುದು ಭೋಪಾಲ್. 1984ರ ಡಿಸೆಂಬರ್ 2ರ ರಾತ್ರಿ. ಆ ಕಾರ್ಖಾನೆ ತಯಾರಿಸುತ್ತಿದ್ದದ್ದು ರೈತರ ಹೊಲಕ್ಕೆ ಹೊಡೆಯುವ ಕೀಟನಾಶಕವನ್ನೇ ಅನ್ನುವುದನ್ನು ನಾವು ಮರೆಯಬಾರದು. ವಿಷಾನಿಲವನ್ನು ತಂಪಾಗಿಡಬೇಕಾದ ಯಂತ್ರವನ್ನು ಅದೇ ವರ್ಷದ ಬೇಸಿಗೆಯಲ್ಲೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡುವ ಗೋಪುರ ಕೆಲಸಕ್ಕಿರಲಿಲ್ಲ. ಸಾವಿರಾರು ಜನ ಸತ್ತರು. ಅಮೆರಿಕದ ಕಂಪನಿ ಹೇಳಿದ್ದೇನು? ಯಾರೋ ಅಸಮಾಧಾನಗೊಂಡ ಕೆಲಸಗಾರ ಬೇಕಂತಲೇ ತೊಟ್ಟಿಗೆ ನೀರು ಬಿಟ್ಟ ಅಂತ! ಯಂತ್ರ ನಿಲ್ಲಿಸಿ ಖರ್ಚು ಉಳಿಸುವ ತೀರ್ಮಾನಕ್ಕೆ ಮನಸ್ಸಿರಲಿಲ್ಲವಂತೆ, ನಲ್ಲಿ ತಿರುಗಿಸಿದ ಕೈಗೆ ಮಾತ್ರ ಮನಸ್ಸಿತ್ತಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ.

1989ರಲ್ಲಿ 47 ಕೋಟಿ ಡಾಲರಿಗೆ ಪರಿಹಾರದ ರಾಜಿಯಾಯಿತು. 1996ರಲ್ಲಿ ಸುಪ್ರೀಂ ಕೋರ್ಟು ಭಾರತೀಯ ಅಧಿಕಾರಿಗಳ ಮೇಲಿದ್ದ, ಹತ್ತು ವರ್ಷದವರೆಗೆ ಶಿಕ್ಷೆಯಾಗಬಹುದಾಗಿದ್ದ ಆರೋಪವನ್ನು ಅಜಾಗರೂಕತೆಯ ಆರೋಪಕ್ಕೆ ಇಳಿಸಿತು. ಅದಕ್ಕೆ ಹೆಚ್ಚೆಂದರೆ ಎರಡು ವರ್ಷ. 2010ರ ಜೂನ್ 7ರಂದು, ಅಂದರೆ ಇಪ್ಪತ್ತೈದು ವರ್ಷ ಕಳೆದ ಮೇಲೆ, ಏಳು ಮಂದಿಗೆ ಎರಡೆರಡು ವರ್ಷ ಶಿಕ್ಷೆಯಾಯಿತು. ಭಾರತದ ಕಂಪನಿಗೆ ಸುಮಾರು 5 ಲಕ್ಷ ರೂಪಾಯಿ ದಂಡ. ಅದರ ಅರ್ಧಕ್ಕಿಂತ ಹೆಚ್ಚು ಷೇರು ಹಿಡಿದಿದ್ದ ಅಮೆರಿಕದ ತಾಯಿ ಕಂಪನಿ ಆ ಕೋರ್ಟಿನ ಕಟಕಟೆಗೆ ಬರಲೇ ಇಲ್ಲ. ಸಾಲೊಮನ್ನನ ಬೂಟಿನಂಗಡಿಯಿಂದ ಹೊರಟ ಪರದೆ ಅಷ್ಟು ದೂರ ಎಳೆದುಕೊಂಡು ಬಂದಿತ್ತು.

ಆಮೇಲೆ ನಮ್ಮ ಸುಪ್ರೀಂ ಕೋರ್ಟು ಕೆಲವು ಬಾಗಿಲು ತೆರೆದಿದೆ ಅನ್ನುವುದನ್ನೂ ಹೇಳಬೇಕು. ಜೈಲು ಶಿಕ್ಷೆ ಕಡ್ಡಾಯವಾಗಿರುವ ಅಪರಾಧದಲ್ಲಿ ಕಂಪನಿಯನ್ನು ಜೈಲಿಗೆ ಹಾಕಲು ಆಗುವುದಿಲ್ಲ, ಆದ್ದರಿಂದ ಮೊಕದ್ದಮೆಯೇ ಇಲ್ಲ ಅನ್ನುವ ವಿಚಿತ್ರ ವಾದ 2003ರವರೆಗೂ ಗೆದ್ದಿತ್ತು. ಅಂದರೆ ಸಣ್ಣ ಅಪರಾಧಕ್ಕೆ ದಂಡ, ಘೋರ ಅಪರಾಧಕ್ಕೆ ಬಿಡುಗಡೆ! 2005ರಲ್ಲಿ ಐದು ನ್ಯಾಯಾಧೀಶರ ಪೀಠ ಮೂರಕ್ಕೆ ಎರಡು ಮತದಿಂದ ಅದನ್ನು ತಿರುಗಿಸಿತು. ಜೈಲಿಗೆ ಹಾಕಲಾಗದಿದ್ದರೆ ದಂಡ ಹಾಕಿ, ಬಿಡಬೇಡಿ ಅಂದಿತು. 2010ರಲ್ಲಿ ಇರಿಡಿಯಂ ಪ್ರಕರಣದಲ್ಲಿ, ಕಂಪನಿಗೂ ವಂಚನೆಯ ಮನಸ್ಸು ಇರಬಹುದು, ಅದನ್ನು ನಡೆಸುವವರ ಮನಸ್ಸನ್ನೇ ಅದರ ಖಾತೆಗೆ ಬರೆಯಬೇಕು ಅಂತ ಒಪ್ಪಿತು.

ಆದರೆ ಖಾತೆ ಒಂದೇ ಕಡೆಗೆ ಓಡುತ್ತದೆ. 2015ರ ಜನವರಿಯಲ್ಲಿ ಸುನಿಲ್ ಭಾರ್ತಿ ಮಿತ್ತಲ್ ಪ್ರಕರಣದಲ್ಲಿ, ಡೈರೆಕ್ಟರನ ಮನಸ್ಸನ್ನು ಕಂಪನಿಗೆ ಬರೆಯಬಹುದು, ಕಂಪನಿಯ ತಪ್ಪನ್ನು ತಿರುಗಿಸಿ ಡೈರೆಕ್ಟರನಿಗೆ ಬರೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಒಂದೋ ಅವನೇ ಮಾಡಿದ್ದಕ್ಕೆ ಸಾಕ್ಷಿ ಬೇಕು, ಇಲ್ಲವೇ ಆ ಕಾಯ್ದೆಯಲ್ಲೇ ಅವನು ಹೊಣೆ ಅಂತ ಬರೆದಿರಬೇಕು. ಈ ಮಾತನ್ನು ನಾವು ಬೈಯುವುದಿಲ್ಲ. ಕುರ್ಚಿಯಲ್ಲಿ ಕೂತಿದ್ದ ಅನ್ನುವ ಒಂದೇ ಕಾರಣಕ್ಕೆ ಮಾಡದ ತಪ್ಪಿಗೆ ಯಾರನ್ನೂ ಜೈಲಿಗೆ ಕಳಿಸಬಾರದು. ಆದರೆ ಆ ತೀರ್ಪಿನ ಕೊನೆಯ ಮಾತನ್ನು ಚೆನ್ನಾಗಿ ಗಮನಿಸಿ. ಕಾಯ್ದೆಯಲ್ಲಿ ಬರೆದಿದ್ದರೆ ಹೊಣೆ. ಅಂದರೆ ಚೆಂಡು ಕೋರ್ಟಿನ ಅಂಗಳದಲ್ಲಿಲ್ಲ. ಕಾಯ್ದೆ ಬರೆಯುವವರ ಕೈಯಲ್ಲಿದೆ. ಅವರನ್ನು ಆರಿಸಿ ಕಳಿಸುವ ನಮ್ಮ ಕೈಯಲ್ಲಿದೆ.

ಕಾಯ್ದೆ ಬರೆದವರು ಏನು ಬರೆದರು?

1966ರ ಬೀಜ ಕಾಯ್ದೆಯ 21ನೇ ಕಲಂ ಓದಿ. ಕಂಪನಿ ಅಪರಾಧ ಮಾಡಿದರೆ ಆ ಹೊತ್ತಿನಲ್ಲಿ ಅದರ ವ್ಯವಹಾರದ ಉಸ್ತುವಾರಿ ಹೊತ್ತಿದ್ದ ಪ್ರತಿಯೊಬ್ಬನೂ ಕಂಪನಿಯ ಜೊತೆಗೆ ಅಪರಾಧಿ ಅಂತ ಇದೆ. ಚೆನ್ನಾಗಿದೆ. ಕೂಡಲೇ ಕೆಳಗೆ ಇನ್ನೊಂದು ಮಾತು. ನನಗೆ ಗೊತ್ತಿಲ್ಲದೆ ಆಯಿತು, ಅಥವಾ ನಾನು ಸಾಕಷ್ಟು ಎಚ್ಚರಿಕೆ ವಹಿಸಿದ್ದೆ ಅಂತ ಅವನು ಸಾಬೀತು ಮಾಡಿದರೆ ಬಿಡುಗಡೆ. ಇದೂ ಇರಲಿ. ಆದರೆ ಇಷ್ಟೆಲ್ಲ ಮಾಡಿ ಹಿಡಿದರೆ ಶಿಕ್ಷೆ ಏನು? ಅದೇ ಕಾಯ್ದೆಯ 19ನೇ ಕಲಂ ಮೊದಲ ಅಪರಾಧಕ್ಕೆ ಬರೆದದ್ದು 500 ರೂಪಾಯಿವರೆಗೆ ಜುಲ್ಮಾನೆ! ಎರಡನೇ ಸಲಕ್ಕೆ 1,000 ರೂಪಾಯಿ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಇವತ್ತಿನ ಎಷ್ಟೋ ಹೈಬ್ರಿಡ್ ಬೀಜದ ಒಂದು ಪ್ಯಾಕೆಟ್ಟಿಗೆ ಆ 500 ಸಾಲದು. ಒಂದು ಹಂಗಾಮಿನ ಬೆವರಿಗೆ ಇದು ಬೆಲೆಯೇ?

1985ರ ರಸಗೊಬ್ಬರ ನಿಯಂತ್ರಣ ಆದೇಶದ 24ನೇ ಕಲಂ ಇನ್ನೊಂದು ಮಜಾ. ಗೊಬ್ಬರ ತಯಾರಿಸುವ ಸಂಸ್ಥೆ ಕೇಂದ್ರ ಸರ್ಕಾರದೊಡನೆ ಸಮಾಲೋಚಿಸಿ ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಆದೇಶದ ಪಾಲನೆಗೆ ಅವನೇ ಜವಾಬ್ದಾರ. ಹೊಣೆಗಾರ ಯಾರು ಅಂತ ಮೊದಲೇ ಗೊತ್ತಾಗಲಿ ಅನ್ನುವುದು ಒಳ್ಳೆಯ ಉದ್ದೇಶವೇ. ಆದರೆ ಆ ಅಧಿಕಾರಿ ಯಾರಾಗಿರಬಹುದು? ಡೈರೆಕ್ಟರನೇ ಆಗಿರಬೇಕು ಅಂತ ಅಲ್ಲಿಲ್ಲ. ಸಂಬಳಕ್ಕಿರುವ ಒಬ್ಬನ ಹೆಸರು ಕೊಟ್ಟರೆ ಬರೆ ಹಾಕಿಸಿಕೊಳ್ಳಲು ಒಂದು ಎಮ್ಮೆ ಸಿದ್ಧವಾಯಿತು. ಖರ್ಚು ಕಡಿಮೆ ಮಾಡಿ ಅಂದವನು ಎತ್ತಿನ ಕೊಟ್ಟಿಗೆಯಲ್ಲಿ ಸುಖವಾಗಿರುತ್ತಾನೆ.

ಇದೇ ಕಳ್ಳದಾರಿ ಕಾರ್ಖಾನೆಗಳಲ್ಲೂ ಇತ್ತು. ಯಾರೋ ಮ್ಯಾನೇಜರನ್ನು ಕಾರ್ಖಾನೆಯ ಅಧಿಭೋಗದಾರ ಅಂತ ಹೆಸರಿಸಿ ಡೈರೆಕ್ಟರುಗಳು ಜಾರಿಕೊಳ್ಳುತ್ತಿದ್ದರು. ಭೋಪಾಲ್ ಆದ ಮೇಲೆ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಕಂಪನಿಯಾದರೆ ಅದರ ಡೈರೆಕ್ಟರುಗಳಲ್ಲಿ ಒಬ್ಬನೇ ಅಧಿಭೋಗದಾರ ಅಂತ ಬರೆದರು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. 1996ರಲ್ಲಿ ಜೆ.ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಡೈರೆಕ್ಟರನನ್ನು ಬಿಟ್ಟು ಕೆಳಗಿನ ನೌಕರನನ್ನು ಹೆಸರಿಸುವಂತಿಲ್ಲ ಅಂದಿತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಜಾರಿಗೆ ಬಂದ ಕಾರ್ಮಿಕ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. ಇದರಿಂದ ಯಾವ ಕಾರ್ಖಾನೆಯೂ ಮುಚ್ಚಿಹೋಗಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ. ಕಾರ್ಖಾನೆಯ ಗೋಡೆಯೊಳಗೆ ಸಾಧ್ಯವಾದದ್ದು ಅಲ್ಲಿಂದ ಹೊರಬರುವ ಬೀಜ, ಗೊಬ್ಬರ, ಔಷಧಿಗೆ ಯಾಕೆ ಸಾಧ್ಯವಿಲ್ಲ?

ಓದುಗರು ಈಗಲೇ ಮಾಡಬಹುದಾದ್ದು

ಮೇಲೆ ಹೇಳಿದ್ದೆಲ್ಲ ಶಿಕ್ಷೆಯ ಮಾತು. ಪರಿಹಾರ ಕೇಳುವುದಕ್ಕೆ ಅಷ್ಟು ಕಷ್ಟವಿಲ್ಲ. ಅಲ್ಲಿ ಕಂಪನಿಯ ಮನಸ್ಸನ್ನು ಹುಡುಕಬೇಕಾಗಿಲ್ಲ. ಬೀಜ ಕೊಂಡ ರೈತನೂ ಗ್ರಾಹಕನೇ, ಬೀಜ ಕಾಯ್ದೆ ಇದ್ದರೂ ಗ್ರಾಹಕರ ವೇದಿಕೆಗೆ ಹೋಗಬಹುದು ಅಂತ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. 1872ರ ಕರಾರು ಕಾಯ್ದೆಯೂ ನಮ್ಮ ಕಡೆಗಿದೆ. ಅದರ 229ನೇ ಕಲಮಿನಂತೆ ಕಂಪನಿಯ ಕೆಲಸದ ಮೇಲಿರುವ ಏಜೆಂಟನಿಗೆ ಕೊಟ್ಟ ತಿಳಿವಳಿಕೆ ಕಂಪನಿಗೇ ಕೊಟ್ಟಂತೆ. 238ನೇ ಕಲಮಿನಂತೆ ಏಜೆಂಟ್ ತನ್ನ ಕೆಲಸದಲ್ಲಿ ಆಡಿದ ಸುಳ್ಳು, ಮಾಡಿದ ಮೋಸ, ಆ ವ್ಯವಹಾರದ ಮಟ್ಟಿಗೆ ಯಜಮಾನನೇ ಮಾಡಿದಂತೆ. ಆದರೆ ಡೀಲರು ನಮ್ಮ ಏಜೆಂಟನಲ್ಲ, ಸ್ವಂತ ವ್ಯಾಪಾರಿ ಅಂತ ಕಂಪನಿ ವಾದ ಹೂಡಬಹುದು. ಆದ್ದರಿಂದ ಬಿಲ್ಲು ಕೇಳಿ ಪಡೆಯಿರಿ, ಲಾಟ್ ನಂಬರ್ ಇರುವ ಚೀಟಿ ಮತ್ತು ಖಾಲಿ ಚೀಲ ಎಸೆಯಬೇಡಿ, ಒಂದು ಹಿಡಿ ಬೀಜ ಉಳಿಸಿ, ದೂರನ್ನು ಬಾಯಲ್ಲಿ ಹೇಳದೆ ಬರೆದು ಕಂಪನಿಗೂ ಕೃಷಿ ಇಲಾಖೆಗೂ ಸ್ವೀಕೃತಿ ಬರುವಂತೆ ಕಳಿಸಿ.

ಬ್ಯಾಂಕಿನಲ್ಲೂ ಇದೇ ಪಾಠ. ಇಷ್ಟು ಕಟ್ಟಿಬಿಡಿ, ಉಳಿದದ್ದು ಮನ್ನಾ ಮಾಡಿಸುತ್ತೇನೆ ಅಂತ ಮ್ಯಾನೇಜರು ಬಾಯಲ್ಲಿ ಹೇಳುತ್ತಾರೆ. ಅವರು ವರ್ಗವಾಗಿ ಹೋದ ಮೇಲೆ ಬಂದವರು, ಹಾಗೆ ಹೇಳುವ ಅಧಿಕಾರ ಅವರಿಗಿರಲಿಲ್ಲ ಅಂತಾರೆ. ಅದೇ ಮ್ಯಾನೇಜರು ಬರೆಸಿಕೊಂಡ ಸಾಲಪತ್ರಕ್ಕೆ ಮಾತ್ರ ಪೂರ್ತಿ ಅಧಿಕಾರ ಇತ್ತು! ಕೊಡುವ ಮಾತು ಮ್ಯಾನೇಜರದು, ತೆಗೆದುಕೊಳ್ಳುವ ಮಾತು ಬ್ಯಾಂಕಿನದು. ಅಧಿಕಾರ ಇದೆ ಅಂತ ಹೊರಗಿನವರು ನಂಬುವಂತೆ ಯಜಮಾನನೇ ನಡೆದುಕೊಂಡಿದ್ದರೆ ಅವನು ಬದ್ಧ ಅಂತ ಕರಾರು ಕಾಯ್ದೆಯ 237ನೇ ಕಲಂ ಇದೆ. ಆದರೂ ಬಾಯಿಮಾತನ್ನು ಕೋರ್ಟಿನಲ್ಲಿ ನಿಲ್ಲಿಸುವುದು ಕಷ್ಟ. ಬ್ಯಾಂಕಿನ ಕಾಗದದ ಮೇಲೆ ಮೊಹರು ಹಾಕಿಸಿ ಬರೆಸಿಕೊಳ್ಳದೆ ಒಂದು ರೂಪಾಯಿಯನ್ನೂ ಆ ಲೆಕ್ಕಕ್ಕೆ ಕಟ್ಟಬೇಡಿ.

ಇನ್ನೊಂದು ಮಾತು ನಮಗೆ ನಾವೇ ಹೇಳಿಕೊಳ್ಳಬೇಕು. 2002ರ ತಿದ್ದುಪಡಿಯಿಂದ ರೈತರೂ ಉತ್ಪಾದಕರ ಕಂಪನಿ ಕಟ್ಟಬಹುದಾಗಿದೆ. ಊರೂರಲ್ಲಿ ಕಟ್ಟಿದ್ದೇವೆ, ಡೈರೆಕ್ಟರುಗಳಾಗಿದ್ದೇವೆ. ಸಹಕಾರ ಸಂಘಗಳಂತೂ ಹಳೆಯವು. ಕಾರ್ಯದರ್ಶಿ ಕಳಪೆ ಗೊಬ್ಬರ ತರಿಸಿದಾಗ, ಸುಳ್ಳು ಲೆಕ್ಕ ಬರೆದಾಗ, ನಮಗೇನೂ ಗೊತ್ತಿಲ್ಲ ಅವನೇ ಮಾಡಿದ ಅಂತ ನಾವೂ ಕೈತೊಳೆದುಕೊಂಡರೆ ದೊಡ್ಡ ಕಂಪನಿಯವನಿಗೂ ನಮಗೂ ಏನು ವ್ಯತ್ಯಾಸ? ಲೆಕ್ಕದ ಪುಸ್ತಕ ನೋಡದೆ ಸಭೆಯಲ್ಲಿ ಕಾಫಿ ಕುಡಿದು ರುಜು ಹಾಕುವ ಡೈರೆಕ್ಟರು ನಮ್ಮಲ್ಲೂ ಬೇಡ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಒಂದು, ಬೀಜ, ಗೊಬ್ಬರ, ಕೀಟನಾಶಕ, ಕಬ್ಬಿನ ಬಾಕಿ, ಈ ನಾಲ್ಕರಲ್ಲೂ ಹೊಣೆಗಾರನಾಗಿ ಒಬ್ಬ ಡೈರೆಕ್ಟರನ ಹೆಸರೇ ಇರಬೇಕು. ಆ ಹೆಸರು ಚೀಲದ ಮೇಲೂ ತೂಕದ ಚೀಟಿಯ ಮೇಲೂ ಅಚ್ಚಾಗಬೇಕು. ಎರಡು, ಲಾಟು ಪಾಸು ಮಾಡುವ, ಬೆಲೆ ಕಟ್ಟುವ, ಹಣ ತಡೆಯುವ ಅಧಿಕಾರ ಇರುವ ಮ್ಯಾನೇಜರನಿಗೆ ಗೊತ್ತಿದ್ದದ್ದು ಕಂಪನಿಗೆ ಗೊತ್ತಿದ್ದಂತೆ ಅಂತ ಕಾಯ್ದೆಯಲ್ಲೇ ಬರೆಯಬೇಕು. ಮೂರು, ದಂಡ ಕಂಪನಿಯ ವಹಿವಾಟಿಗೆ ತಕ್ಕಂತಿರಬೇಕು, ಅದರಲ್ಲಿ ಬೆಳೆ ಕಳೆದುಕೊಂಡವನ ಪಾಲು ಮೊದಲು ಸಲ್ಲಬೇಕು. ತನ್ನ ಕೆಲಸ ನೆಟ್ಟಗೆ ಮಾಡಿದ ಡೈರೆಕ್ಟರು ಅದನ್ನು ಕಾಗದದಲ್ಲಿ ತೋರಿಸಿ ಪಾರಾಗಲಿ. ಅದಕ್ಕೆ ನಮ್ಮ ತಕರಾರಿಲ್ಲ.

2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಹೊಸ ಬೀಜ ಮಸೂದೆಯ ಕರಡನ್ನು ಜನರ ಮುಂದಿಟ್ಟಿತು. ಇಂಥ ಯಾವ ಮಸೂದೆ ಬಂದರೂ ಪತ್ರಿಕೆಗಳು ದಂಡದ ಲಕ್ಷಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುತ್ತವೆ. ನೀವು ಅದಕ್ಕೆ ಮರುಳಾಗಬೇಡಿ. ಕೊನೆಯ ಪುಟಗಳಿಗೆ ತಿರುಗಿಸಿ, ಕಂಪನಿಗಳ ಅಪರಾಧ ಅನ್ನುವ ತಲೆಬರಹ ಹುಡುಕಿ, ಅದರ ಕೆಳಗೆ ಯಾರ ಹೆಸರು ಬರುತ್ತದೆ ನೋಡಿ. ಡೈರೆಕ್ಟರನೇ, ಡೀಲರೇ, ಅಥವಾ ಸಂಬಳಕ್ಕಿರುವ ಯಾವನೋ ಒಬ್ಬನೇ? ನಿಮ್ಮ ಎಂ.ಎಲ್.ಎ., ಎಂ.ಪಿ. ಊರಿಗೆ ಬಂದಾಗ ಹಾರ ಹಾಕುವ ಮೊದಲು ಆ ಕಲಂ ಓದಿದ್ದೀರಾ ಅಂತ ಕೇಳಿ. ಹೆಬ್ಬೆಟ್ಟು ಒತ್ತಿದವನ ಮನಸ್ಸು ಕಾನೂನಿಗೆ ಒಂದೇ ಗಳಿಗೆಯಲ್ಲಿ ಕಾಣಿಸುತ್ತದೆ. ಚೀಲದ ಮೇಲೆ ಹೆಸರು ಅಚ್ಚು ಹಾಕಿಸಿ ದುಡ್ಡು ಎಣಿಸಿಕೊಂಡವನ ಮನಸ್ಸೂ ಅಷ್ಟೇ ಬೇಗ ಕಾಣಿಸಬೇಕು.